ಒದ್ದೆ ಛತ್ರಿ ಎಲ್ಲಿಡೋದು? ಹೈಸ್ಕೂಲಿನಲ್ಲೇ ಡಿಸೈನ್ ಮತ್ತು ದೃಶ್ಯ ಸಂವಹನ ಕಲಿಯುವ ದಾರಿ

"ಮಗಳು ಚಿತ್ರ ಚೆನ್ನಾಗಿ ಬಿಡಿಸ್ತಾಳೆ, ಡಿಸೈನ್‌ಗೆ ಸೇರಿಸಬಹುದಾ?" ಪೇರೆಂಟ್ಸ್ ಮೀಟಿಂಗ್ ಮುಗಿದ ಮೇಲೆ ಡ್ರಾಯಿಂಗ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಇದು. ಧಾರಾಳವಾಗಿ ಸೇರಿಸಬಹುದು. ಆದರೆ ಚಿತ್ರ ಬಿಡಿಸುವುದು ಬೇರೆ, ಡಿಸೈನ್ ಮಾಡುವುದು ಬೇರೆ. ಗಣಪತಿಗೆ ಅಂದವಾಗಿ ಶೇಡಿಂಗ್ ಮಾಡಿ ಮುಗಿಸಿದರೆ ಅದು ಚಿತ್ರ. ಮಳೆಗಾಲದಲ್ಲಿ ಶಾಲೆಯ ವರಾಂಡದ ತುಂಬ ಒದ್ದೆ ಛತ್ರಿ ರಾಶಿ ಬಿದ್ದು, ನೀರು ಹರಿದು, ಮಕ್ಕಳು ಜಾರಿ ಬೀಳುತ್ತಿದ್ದಾರೆ ಎಂದುಕೊಳ್ಳಿ. ಅದಕ್ಕೇನು ಮಾಡಬಹುದೆಂದು ಅಳೆದು, ಯೋಚಿಸಿ, ಆ ಯೋಚನೆ ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಹಾಳೆಯ ಮೇಲೆ ಇಟ್ಟರೆ ಅದು ಡಿಸೈನ್. ಗೆರೆ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ. ಯೋಚನೆ ಕಾಣಿಸದಿದ್ದರೆ ಮಾತ್ರ ನಡೆಯುವುದಿಲ್ಲ.

ನಮ್ಮಲ್ಲಿ ಹೆಚ್ಚಿನ ಶಾಲೆಗಳಲ್ಲಿ ಇದಕ್ಕೆಂದೇ ಒಂದು ವಿಷಯ ಇಲ್ಲ. ವಾರಕ್ಕೊಂದೋ ಎರಡೋ ಡ್ರಾಯಿಂಗ್ ಪಿರಿಯಡ್ ಇರುತ್ತದೆ, ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಒಂದೇ ಒಂದು ಸಮಸ್ಯೆಯನ್ನು ಹಿಡಿದು ಎಲ್ಲ ಹಂತ ದಾಟುವ ಕ್ರಮ ಕೊಟ್ಟಿದ್ದೇವೆ. ಸಮಸ್ಯೆ ಅದೇ, ಒದ್ದೆ ಛತ್ರಿ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೈ ಹಾಕಿದರೆ, ಬೆಂಗಳೂರಿನಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಪರೀಕ್ಷಿಸಿ ನೋಡಲು ಏನಾದರೊಂದು ಕೈಯಲ್ಲಿರುತ್ತದೆ. ವಾರಕ್ಕೆ ಮೂರು ಗಂಟೆ ಸಾಕು.

ಸಾಮಾನು

ರಫ್ ಕೆಲಸಕ್ಕೆ ಎ3 ಅಳತೆಯ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ಬಾಂಡ್ ಪೇಪರ್, ಫೈನಲ್‌ಗೆ 150 ಜಿಎಸ್‌ಎಂ ಆಸುಪಾಸಿನ ಕಾರ್ಟ್ರಿಜ್ ಹಾಳೆ ಇಪ್ಪತ್ತು, ಸ್ವಲ್ಪ ಟ್ರೇಸಿಂಗ್ ಪೇಪರ್. ಬೈಂಡ್ ಮಾಡಿದ ಸ್ಕೆಚ್‌ಬುಕ್‌ಗಿಂತ ಬಿಡಿ ಹಾಳೆ ಮೇಲು. ಕೆಟ್ಟ ಹಾಳೆ ಬಂದರೆ ಭಯವಿಲ್ಲ, ಆಮೇಲೆ ಅನುಕ್ರಮ ಬದಲಿಸಿಕೊಳ್ಳಬಹುದು. ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ನಾಲ್ಕೈದು ಮಕ್ಕಳು ಸೇರಿ ಒಟ್ಟಿಗೆ ಕೊಂಡರೆ ಅಗ್ಗ.

ಪೆನ್ಸಿಲ್ ಮೂರು ಸಾಕು: ಆಧಾರ ಗೆರೆಗೆ 2ಎಚ್, ಆಕಾರಕ್ಕೆ ಎಚ್‌ಬಿ, ನೆರಳಿಗೆ 2ಬಿ. ಕಪ್ಪು ಪೆನ್ ಎರಡು, 0.3 ಮತ್ತು 0.8 ಮಿ.ಮೀ. ಉಕ್ಕಿನ ಅಡಿಪಟ್ಟಿ, ಕಟರ್, ಜ್ಯಾಮಿಟ್ರಿ ಬಾಕ್ಸಿನಲ್ಲಿರುವುದಕ್ಕಿಂತ ದೊಡ್ಡದಾದ ಒಂದು ಜೊತೆ ಮೂಲೆಮಟ್ಟ, ಗಟ್ಟಿಯಾಗಿ ನಿಲ್ಲುವ ಕೈವಾರ. ಬೋರ್ಡಿಗೆ ಸಿಕ್ಕಿಸಿ ಸಮಾಂತರ ಗೆರೆ ಎಳೆಯುವ ಮಿನಿ ಡ್ರಾಫ್ಟರ್ ಹೊಸದು ಬೇಡ. ಇಂಜಿನಿಯರಿಂಗ್ ಓದಿದ ಅಣ್ಣನೋ ಅಕ್ಕನೋ ನಿಮ್ಮ ಬೀದಿಯಲ್ಲೇ ಇದ್ದಾರೆ, ಅವರ ಮನೆಯ ಅಟ್ಟದಲ್ಲಿ ಒಂದು ಧೂಳು ತಿನ್ನುತ್ತಾ ಬಿದ್ದಿರುತ್ತದೆ.

ಮೂಲೆಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಿ. ಅಡಿಪಟ್ಟಿಯ ಮೇಲೆ ಕೂರಿಸಿ ಒಂದು ಲಂಬ ಗೆರೆ ಎಳೆಯಿರಿ. ಮೂಲೆಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಮೇಲೆ ಹೋದಂತೆ ಗೆರೆ ಕವಲೊಡೆದರೆ ಆ ಮೂಲೆಮಟ್ಟದ 90 ಡಿಗ್ರಿ ಸುಳ್ಳು. ಇದನ್ನು ನೋಡದೆ ತಂದು, ಆಮೇಲೆ ಅಳತೆಯ ಚಿತ್ರದಲ್ಲಿ ಮುಂದಿನ, ಮೇಲಿನ, ಪಕ್ಕದ ಮೂರು ನೋಟಗಳು ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ.

ಮೊದಲ ಎರಡು ವಾರ: ಸ್ಟೀಲ್ ಲೋಟ

ದಿನಾ ಹತ್ತು ನಿಮಿಷ ಕೈ ಪಳಗಿಸಿ. ಬರೆಯುವಾಗ ಮಣಿಕಟ್ಟು ಆಡುತ್ತದೆ. ಉದ್ದ ಗೆರೆಗೆ ಮೊಣಕೈ, ಭುಜ ಆಡಬೇಕು. ಎರಡು ಚುಕ್ಕೆ ಇಟ್ಟು, ಕಣ್ಣನ್ನು ಪೆನ್ಸಿಲ್ಲಿನ ಮೊನೆಯ ಮೇಲಲ್ಲ, ತಲುಪಬೇಕಾದ ಚುಕ್ಕೆಯ ಮೇಲಿಟ್ಟು ಒಂದೇ ಸಲಕ್ಕೆ ಎಳೆಯಿರಿ. ಕೂದಲು ಕೂದಲಾಗಿ ಗೀಚಿ ಗೆರೆ ಜೋಡಿಸುವ ಅಭ್ಯಾಸ ಇದ್ದರೆ ಪೆನ್ಸಿಲ್ ಬಿಟ್ಟು ವಾರವಿಡೀ ಪೆನ್ನಿನಲ್ಲೇ ಬಿಡಿಸಿ. ಅಳಿಸಲು ಬರದಿದ್ದಾಗ ಕೈ ತಾನಾಗಿ ಧೈರ್ಯ ಕಲಿಯುತ್ತದೆ.

ಆಮೇಲೆ ಅಡುಗೆಮನೆಯ ಸ್ಟೀಲ್ ಲೋಟ ತಂದು ಮೇಜಿನ ಮೇಲಿಡಿ. ಕಲಿಯಬೇಕಾದ ಅರ್ಧ ವಿಷಯ ಇದರಲ್ಲೇ ಇದೆ. ಮೊದಲು ಲೋಟ ಸರಿಯಾಗಿ ಕೂರುವ ಒಂದು ಪೆಟ್ಟಿಗೆಯನ್ನು ತೆಳುವಾಗಿ ಬಿಡಿಸಿ, ನಡುವೆ ಲಂಬವಾದ ಅಕ್ಷರೇಖೆ ಹಾಕಿ. ಬಾಯಿಯ ವೃತ್ತ ನಿಮಗೆ ಅಂಡಾಕಾರವಾಗಿ ಕಾಣುತ್ತದೆ, ತಳದ ವೃತ್ತವೂ ಅಷ್ಟೇ. ಆದರೆ ಎರಡೂ ಒಂದೇ ತೆರನಲ್ಲ. ಕಣ್ಣಿನ ಮಟ್ಟಕ್ಕೆ ಹತ್ತಿರವಿರುವ ಬಾಯಿ ಚಪ್ಪಟೆ, ಕೆಳಗಿರುವ ತಳ ಹೆಚ್ಚು ದುಂಡು. ಮಕ್ಕಳು ಸಾಮಾನ್ಯವಾಗಿ ಬಾಯಿಯನ್ನು ದುಂಡಗೆ ಬಿಡಿಸಿ, ತಳಕ್ಕೆ ಒಂದು ನೇರ ಗೆರೆ ಎಳೆದು ಮುಗಿಸುತ್ತಾರೆ, ಮೇಜಿನ ಮೇಲೆ ಕೂತಿರುವುದರಿಂದ ತಳ ನೇರ ಎಂದು ಮನಸ್ಸು ಹೇಳುತ್ತದೆ ನೋಡಿ. ಇನ್ನೊಂದು ತಪ್ಪು, ಅಂಡಾಕಾರದ ಎರಡು ತುದಿಗಳನ್ನು ಕಣ್ಣಿನ ಹಾಗೆ ಚೂಪು ಮಾಡುವುದು. ಲೋಟದ ಬಾಯಿಗೆ ಮೂಲೆ ಇಲ್ಲ. ಎಷ್ಟೇ ಚಪ್ಪಟೆಯಾದರೂ ತುದಿ ತಿರುಗಲೇಬೇಕು.

ಶೇಡಿಂಗ್‌ನಲ್ಲಿ ಸ್ಟೀಲ್ ಬೇಗ ಕೈಗೆ ಸಿಗುತ್ತದೆ. ಬೂದು ಬಣ್ಣವನ್ನು ನಯವಾಗಿ ತಿಕ್ಕಿದರೆ ಪ್ಲಾಸ್ಟಿಕ್ ಆಗುತ್ತದೆ. ಅಪ್ಪಟ ಬಿಳಿಯ ಪಕ್ಕದಲ್ಲೇ ಅಪ್ಪಟ ಕಪ್ಪಿನ ಪಟ್ಟಿ ಇಟ್ಟರೆ ಸ್ಟೀಲ್ ಆಗುತ್ತದೆ. ಹೊಳೆಯುವ ಲೋಹ ಸುತ್ತಲಿನ ಕಿಟಕಿ, ಗೋಡೆಗಳನ್ನೇ ತೋರಿಸುವುದರಿಂದ ಹಾಗೆ.

ಮೂರನೇ ವಾರ: ಸಮಸ್ಯೆಯನ್ನು ಅಳೆಯಿರಿ

"ಚೆಂದದ ಛತ್ರಿ ಸ್ಟ್ಯಾಂಡ್ ಮಾಡಬೇಕು" ಎಂದು ಬರೆದುಕೊಂಡರೆ ಕೆಲಸ ಮುಂದೆ ಹೋಗುವುದಿಲ್ಲ. ಎಷ್ಟು ಛತ್ರಿ, ಎಷ್ಟುದ್ದ, ಎಲ್ಲಿ, ಎಷ್ಟು ಜಾಗದಲ್ಲಿ, ಯಾರು ಬಳಸುವುದು — ಇಷ್ಟಕ್ಕೂ ಅಂಕಿಯಲ್ಲಿ ಉತ್ತರ ಬೇಕು. ಟೇಪು ಹಿಡಿದು ವರಾಂಡಕ್ಕೆ ಹೋಗಿ. ನಿಮ್ಮ ಶಾಲೆಯ ಅಂಕಿ ಬೇರೆಯೇ ಬರುತ್ತದೆ, ಲೆಕ್ಕದ ದಾರಿ ತೋರಿಸಲು ಇಲ್ಲಿ ಒಂದು ಉದಾಹರಣೆ ಹಿಡಿಯೋಣ.

ವರಾಂಡದ ಅಗಲ 1.8 ಮೀಟರ್. ಮಳೆ ದಿನ ಒಂದು ತರಗತಿಯ ಬಾಗಿಲಲ್ಲಿ ಎಣಿಸಿದಾಗ 24 ಛತ್ರಿ. ಮಡಚುವ ಗಿಡ್ಡ ಛತ್ರಿಯ ಉದ್ದ ಸುಮಾರು 280 ಮಿ.ಮೀ., ಕೊಕ್ಕೆ ಹಿಡಿಯ ಉದ್ದ ಛತ್ರಿ ಸುಮಾರು 900. ಒದ್ದೆಯಾಗಿ ಸುತ್ತಿದ ಗಿಡ್ಡ ಛತ್ರಿಯ ದಪ್ಪ 60–65. ತೂತು ಕೊರೆದ ಹಲಗೆಯಲ್ಲಿ ಛತ್ರಿ ನಿಲ್ಲಿಸುವುದಾದರೆ ತೂತು 70, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 90 ಬೇಕು. 24 ತೂತನ್ನು ಹೇಗೆ ಜೋಡಿಸುವುದು? 6×4 ಆದರೆ ಅಂಚು ಸೇರಿ 600×420. ವರಾಂಡದಲ್ಲಿ 420 ಮುಂದೆ ಚಾಚಿದರೆ ಬೆಲ್ಲು ಹೊಡೆದಾಗ ಮೊಣಕಾಲಿಗೆ ಏಟು ಗ್ಯಾರಂಟಿ. 8×3 ಆದರೆ 780×330. 12×2 ಆದರೆ 1140×240, ಗೋಡೆಗೆ ಒರಗಿ ನಿಲ್ಲುತ್ತದೆ. ಇದನ್ನೇ ಆರಿಸಿಕೊಳ್ಳೋಣ. ಬಿಟ್ಟ ಎರಡನ್ನೂ ಅಳಿಸಬೇಡಿ. ಪಕ್ಕದಲ್ಲಿ ಕಾರಣ ಬರೆದು ಹಾಗೇ ಉಳಿಸಿ.

ನೀರಿನ ಲೆಕ್ಕವೂ ಇದೆ. ಒದ್ದೆ ಛತ್ರಿಯನ್ನು ಬಕೆಟ್ಟಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಸೋರಿದ್ದನ್ನು ಅಳತೆಯ ಲೋಟದಲ್ಲಿ ನೋಡಿ. 100 ಮಿ.ಲೀ. ಬಂತೆನ್ನಿ. 24 ಛತ್ರಿಗೆ 2.4 ಲೀಟರ್. ನೀರು ಹಿಡಿಯಲು ಕೆಳಗಿಡುವ 1140×240 ತಟ್ಟೆಯ ಅಂಚು 15 ಮಿ.ಮೀ. ಎತ್ತರವಿದ್ದರೂ 4 ಲೀಟರ್ ಹಿಡಿಯುತ್ತದೆ. ಗುಣಿಸಿ ನೋಡದೆ 100 ಮಿ.ಮೀ. ಆಳದ ತೊಟ್ಟಿ ಬಿಡಿಸುವವರಿದ್ದಾರೆ. ಅದು ತುಂಬಿದರೆ ಎತ್ತಿ ಚೆಲ್ಲುವವರು ಯಾರು? ಆಯಮ್ಮನ ಬೆನ್ನು ನಿಮ್ಮ ಲೆಕ್ಕದಲ್ಲಿ ಇರಬೇಕು.

ನಾಲ್ಕು–ಐದನೇ ವಾರ: ಐಡಿಯಾ ಹಾಳೆ, ರಟ್ಟಿನ ಮಾದರಿ

ಒಂದು ಎ3 ಹಾಳೆಯಲ್ಲಿ ಬೆಂಕಿಪೊಟ್ಟಣದಷ್ಟು ಅಳತೆಯ ಹನ್ನೆರಡು ಚಿತ್ರ ಬಿಡಿಸಿ. ಗೋಡೆಗೆ ಕೊಕ್ಕೆ, ಬಿದಿರಿನ ಬುಟ್ಟಿ, ಹಳೇ ಪಿವಿಸಿ ಪೈಪು, ಕಿಟಕಿ ಸರಳಿಗೇ ತೂಗುಹಾಕುವುದು, ಏನಾದರೂ ಸರಿ. ಮೊದಲ ನಾಲ್ಕು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ. ಏಳನೆಯದರಿಂದ ಮುಂದೆ ಕಷ್ಟ, ಹೊಸತು ಬರುವುದು ಅಲ್ಲಿಂದಲೇ.

ಪ್ರತಿ ಚಿತ್ರದ ಪಕ್ಕ ಟಿಪ್ಪಣಿ ಬೇಕು, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. "ಇದು ಸ್ಟ್ಯಾಂಡ್", "ಇದು ನೋಡಲು ಚೆನ್ನಾಗಿದೆ" ಎಂಬ ಟಿಪ್ಪಣಿಯಿಂದ ಉಪಯೋಗವಿಲ್ಲ, ಸ್ಟ್ಯಾಂಡ್ ಎಂಬುದು ಕಣ್ಣಿಗೇ ಕಾಣುತ್ತಿದೆ. "ಕಬ್ಬಿಣದ ಸರಳು: ಗಟ್ಟಿ, ಆದರೆ ದಿನಾ ನೀರು, ಬಣ್ಣ ಎದ್ದ ಕಡೆ ತುಕ್ಕು. ಅಲ್ಯುಮಿನಿಯಂ: ತುಕ್ಕಿಲ್ಲ, ಆದರೆ ಹಗುರ, ಗೋಡೆಗೆ ಸ್ಕ್ರೂ ಬೇಕು." ಹೀಗೆ ಬರೆದರೆ ನೀವು ಯಾವುದನ್ನು ಯಾವುದರ ಜೊತೆ ತೂಗಿ ನೋಡಿದಿರೆಂದು ಓದುವವರಿಗೆ ಗೊತ್ತಾಗುತ್ತದೆ.

ಈಗ ರಟ್ಟು. ಹನ್ನೆರಡರಲ್ಲಿ ಮೊದಲು ಲೆಕ್ಕ ಹಾಕಿದ ತೂತಿನ ಹಲಗೆಯ ಸ್ಟ್ಯಾಂಡನ್ನೇ ಆರಿಸಿಕೊಂಡಿರೆನ್ನಿ. 1:5 ಪ್ರಮಾಣದಲ್ಲಿ ಮಾಡಿದರೆ 3 ಮಿ.ಮೀ. ದಪ್ಪದ ರಟ್ಟು 15 ಮಿ.ಮೀ. ಪ್ಲೈವುಡ್‌ಗೆ ಸಮ. ಉದ್ದ 228, ಆಳ 48. ತೂತಿರುವ ಹಲಗೆಯನ್ನು ಎಷ್ಟು ಎತ್ತರಕ್ಕಿಡುವುದು? ಉದ್ದ ಛತ್ರಿ ವಾಲದೆ ನಿಲ್ಲಲು 500 ಮಿ.ಮೀ. ಎಂದು ಕಾಗದದ ಮೇಲೆ ತೀರ್ಮಾನಿಸಿರುತ್ತೀರಿ, ಮಾದರಿಯಲ್ಲಿ ಅದು 100. ಕಾಗದ ಸುರುಳಿ ಸುತ್ತಿ 180 ಮಿ.ಮೀ. ಉದ್ದದ್ದೊಂದು, 56 ಮಿ.ಮೀ. ಗಿಡ್ಡದ್ದೊಂದು ಛತ್ರಿ ಮಾಡಿ ತೂತಿಗೆ ಹಾಕಿ ನೋಡಿ. ಉದ್ದದ್ದು ಠೀವಿಯಿಂದ ನಿಲ್ಲುತ್ತದೆ. ಗಿಡ್ಡದ್ದು ಬುಳಕ್ಕನೆ ಒಳಗೆ ಬಿದ್ದು ತಟ್ಟೆ ಸೇರುತ್ತದೆ, ತೆಗೆಯಲು ಬೆರಳೂ ಹೋಗುವುದಿಲ್ಲ. ಚಿತ್ರದಲ್ಲಿ ಈ ತಪ್ಪು ಕಾಣುವುದೇ ಇಲ್ಲ. ರಟ್ಟಿನಲ್ಲಿ ಎರಡೇ ಸೆಕೆಂಡಿನಲ್ಲಿ ಕಾಣುತ್ತದೆ.

ಪರಿಹಾರ ಮೆಟ್ಟಿಲು. ಮುಂದಿನ ಸಾಲಿನ ಹಲಗೆ 200ಕ್ಕೆ, ಹಿಂದಿನದು 500ಕ್ಕೆ. 280ರ ಗಿಡ್ಡ ಛತ್ರಿ ಮುಂದೆ ನಿಂತರೆ 80 ಮಿ.ಮೀ. ಮೇಲೆ ಉಳಿಯುತ್ತದೆ, ಹಿಡಿದೆತ್ತಲು ಸಾಕು. ಮಕ್ಕಳು ಗಿಡ್ಡದ್ದನ್ನೇ ಹಿಂದಕ್ಕೆ ತುರುಕುವುದಿಲ್ಲವೇ? ತುರುಕುತ್ತಾರೆ. ಹಿಂದಿನ ತೂತನ್ನು 55ಕ್ಕೆ ಇಳಿಸಿದರೆ 60ರ ದಪ್ಪದ್ದು ಹೋಗದು. ಆದರೆ ಉದ್ದ ಛತ್ರಿ ಪಟ್ಟಿ ಕಟ್ಟಿದಾಗ 55ರೊಳಗೆ ಬರುತ್ತದೋ ಎಂದು ಅಳೆದೇ ನಿರ್ಧರಿಸಿ. ಮೊದಲ ಮಾದರಿ ಬಿಸಾಡಬೇಡಿ. ಗಿಡ್ಡ ಛತ್ರಿ ಒಳಗೆ ಬಿದ್ದಿರುವ ಫೋಟೊ ತೆಗೆದಿಡಿ. ಮುಂದೆ ನಿಮ್ಮ ಕೆಲಸ ನೋಡುವವರಿಗೆ ಚೆಂದದ ಫೈನಲ್ ಚಿತ್ರಕ್ಕಿಂತ ಈ ಫೋಟೊ ಹೆಚ್ಚು ಹೇಳುತ್ತದೆ.

ಆರು–ಏಳನೇ ವಾರ: ಅಳತೆಯ ಚಿತ್ರ

ಬಡಗಿಗೆ ಕೊಟ್ಟರೆ ನಿಮ್ಮನ್ನು ಏನೂ ಕೇಳದೆ ಮಾಡುವಂತಿರಬೇಕು, ಅಳತೆಯ ಚಿತ್ರಕ್ಕೆ ಅದೇ ಪರೀಕ್ಷೆ. ಎ3 ಹಾಳೆ 420×297. ಎಡಕ್ಕೆ 20, ಉಳಿದ ಮೂರು ಕಡೆ 10 ಅಂಚು ಬಿಟ್ಟರೆ ಒಳಗೆ 390×277. 1:5ರಲ್ಲಿ ಮುಂದಿನ ನೋಟ 228×100, ಮೇಲಿನ ನೋಟ 228×48, ಪಕ್ಕದ ನೋಟ 48×100. ನಡುವೆ 30–40 ಬಿಟ್ಟರೂ ಆರಾಮಾಗಿ ಕೂರುತ್ತದೆ. ಈ ಕೂಡುವ ಲೆಕ್ಕ ಮಾಡದೆ ಮೂಲೆಯಿಂದ ಶುರು ಮಾಡಿದರೆ ಕೊನೆಯ ನೋಟ ಹಾಳೆಯಿಂದ ಹೊರಗೆ ಹೋಗುತ್ತದೆ, ಮತ್ತೆ ಮೊದಲಿಂದ.

ಭಾರತದಲ್ಲಿ ಶಾಲಾ-ಕಾಲೇಜುಗಳ ಎಂಜಿನಿಯರಿಂಗ್ ಡ್ರಾಯಿಂಗ್‌ಗೆ ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಎಂಬ ಕೈಪಿಡಿ ಆಧಾರ. ಅದರ ಪ್ರಕಾರ ಮೊದಲ ಕೋನದ ಪ್ರಕ್ಷೇಪಣೆ: ಮೇಲಿನಿಂದ ಕಂಡದ್ದು ಮುಂದಿನ ನೋಟದ ಕೆಳಗೆ ಬರುತ್ತದೆ, ಎಡಗಡೆಯಿಂದ ಕಂಡದ್ದು ಬಲಕ್ಕೆ ಬರುತ್ತದೆ. ಅಮೆರಿಕದವರ ವೀಡಿಯೊ ನೋಡಿ ಕಲಿತ ಮಕ್ಕಳು ಮೇಲಿನ ನೋಟವನ್ನು ಮೇಲೆಯೇ ಇಡುತ್ತಾರೆ, ಅದು ಮೂರನೇ ಕೋನ. ಅದೂ ತಪ್ಪಲ್ಲ, ಆದರೆ ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿದರೆ ಎಡ ಬಲ ಅದಲುಬದಲು. ಯಾವುದು ಹಿಡಿದಿದ್ದೀರೆಂದು ಮೊಂಡು ಶಂಕುವಿನ ಚಿಹ್ನೆ ಹಾಕಿ ತಿಳಿಸಿ.

ನಮ್ಮ ಸ್ಟ್ಯಾಂಡಿನ ಮೆಟ್ಟಿಲು ಪಕ್ಕದ ನೋಟದಲ್ಲಿ ಮಾತ್ರ ಸ್ಪಷ್ಟ. ಹಾಗಾಗಿ ಅದನ್ನು ಎಚ್ಚರದಿಂದ ಮಾಡಿ. ಹೊರಗೆರೆ ದಪ್ಪ, ಅಳತೆಯ ಗೆರೆ ತೆಳು, ದಪ್ಪ ತೆಳುವಿನ ಎರಡರಷ್ಟಿರಲಿ. ಮರೆಯಾದ ಅಂಚಿಗೆ ತುಂಡು ಗೆರೆ, ತೂತಿನ ನಡುವಿಗೆ ಒಂದು ಉದ್ದ ಒಂದು ಗಿಡ್ಡ ಇರುವ ಸರಪಳಿ ಗೆರೆ. ಅಳತೆ ಬರೆಯುವಾಗ ನಿಜವಾದ ಅಳತೆ ಬರೆಯಿರಿ: ಹಾಳೆಯಲ್ಲಿ ಗೆರೆ 228 ಇದ್ದರೂ ಅಂಕಿ 1140. 228 ಎಂದು ಬರೆದರೆ ಬಡಗಿ ಗೊಂಬೆಗಳಿಗೆ ಸ್ಟ್ಯಾಂಡ್ ಮಾಡಿಕೊಡುತ್ತಾನೆ. 24 ತೂತಿಗೂ ಅಳತೆ ಬರೆದು ಹಾಳೆ ಹೊಲಸು ಮಾಡಬೇಡಿ. ಒಂದರ ವ್ಯಾಸ, ನಡುವಿನ ಅಂತರ, ಎಷ್ಟು ಎಂಬ ಸಂಖ್ಯೆ ಸಾಕು.

ನೋಡುವವರಿಗಾಗಿ ಐಸೊಮೆಟ್ರಿಕ್ ಚಿತ್ರವೂ ಬೇಕು, ಅಂದರೆ ಉದ್ದ, ಆಳ, ಎತ್ತರ ಮೂರೂ ಒಟ್ಟಿಗೆ ಕಾಣುವ ಚಿತ್ರ. ಲಂಬ ಗೆರೆ ಲಂಬವಾಗಿಯೇ, ಉದ್ದ ಮತ್ತು ಆಳ ಎರಡೂ ಅಡ್ಡ ಗೆರೆಗೆ 30 ಡಿಗ್ರಿಯಲ್ಲಿ. ತೊಡಕು ಬರುವುದು ತೂತಿನಲ್ಲಿ. ಒಂದನ್ನು ನಿಜ ಅಳತೆಯಲ್ಲೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿ. 70 ಮಿ.ಮೀ. ಬಾಹುವಿನ ಚೌಕವನ್ನು ಐಸೊಮೆಟ್ರಿಕ್‌ನಲ್ಲಿ ಬಿಡಿಸಿದರೆ ವಜ್ರಾಕೃತಿ ಬರುತ್ತದೆ. ನಾಲ್ಕೂ ಬಾಹುಗಳ ಮಧ್ಯಬಿಂದು ಗುರುತಿಸಿ. ಅಗಲ ಕೋನದ ಎರಡು ಮೂಲೆಗಳಿವೆಯಲ್ಲ, 120 ಡಿಗ್ರಿಯವು, ಒಂದೊಂದರಿಂದಲೂ ಎದುರಿನ ಎರಡು ಬಾಹುಗಳ ಮಧ್ಯಬಿಂದುವಿಗೆ ಗೆರೆ ಎಳೆಯಿರಿ. ಉದ್ದ ಕರ್ಣದ ಮೇಲೆ ಗೆರೆಗಳು ಸಂಧಿಸುವ ಎರಡು ಬಿಂದುಗಳು ಸಣ್ಣ ಕಂಸಗಳಿಗೆ ಕೇಂದ್ರ. ಅಗಲ ಮೂಲೆಗಳೇ ದೊಡ್ಡ ಕಂಸಗಳಿಗೆ ಕೇಂದ್ರ. ಕೈವಾರವನ್ನು ಮಧ್ಯಬಿಂದುವಿನಿಂದ ಮಧ್ಯಬಿಂದುವಿಗೆ ತಿರುಗಿಸಿದರೆ ನಾಲ್ಕು ಕಂಸ ಸೇರಿ ಅಂಡಾಕಾರ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳದಿದ್ದರೆ ಮಧ್ಯಬಿಂದು ತಪ್ಪಿದೆ ಎಂದೇ ಅರ್ಥ. ಮಲಗಿದ ಹಲಗೆಯ ಮೇಲಿನ ತೂತಿನ ಉದ್ದನೆಯ ಅಕ್ಷ ಸರಿಯಾಗಿ ಅಡ್ಡಲಾಗಿರಬೇಕು. ಅದು ಓರೆಯಾಗಿದ್ದರೆ ಹಲಗೆ ಬಾಗಿದಂತೆ ಕಾಣುತ್ತದೆ.

ಕಣ್ಣಿಗೆ ಕಾಣುವಂತೆ ದೂರದ್ದು ಚಿಕ್ಕದಾಗುವ ಪರ್‌ಸ್ಪೆಕ್ಟಿವ್ ಬೇಕೆನ್ನುವವರಿಗೆ ಒಂದೇ ಮಾತು: ದೂರ ಸರಿಯುವ ಗೆರೆಗಳು ಹೋಗಿ ಸೇರುವ ಮಾಯಬಿಂದುಗಳೆರಡನ್ನೂ ಹಾಳೆಯ ಒಳಗೇ ಇಡಬೇಡಿ. ಹತ್ತಿರವಿದ್ದಷ್ಟೂ ಪೆಟ್ಟಿಗೆಯ ಮೂಲೆ ಹಡಗಿನ ಮೂತಿಯ ಹಾಗೆ ಚೂಪಾಗುತ್ತದೆ. ಪಕ್ಕದಲ್ಲಿ ಹಳೇ ಪೇಪರ್ ಅಂಟಿಸಿ ಬಿಂದುವನ್ನು ಅದರ ಮೇಲಿಡಿ.

ಎಂಟು–ಒಂಬತ್ತನೇ ವಾರ: ಫಲಕ, ಅಂದರೆ ಕನ್ನಡ ಅಕ್ಷರ

ಸ್ಟ್ಯಾಂಡ್ ಇಟ್ಟರೆ ಸಾಲದು, ಅದನ್ನು ಬಳಸಿ ಎಂದು ಹೇಳಬೇಕು. ಅಕ್ಷರ, ಚಿತ್ರಗಳಿಂದ ಹೀಗೆ ಹೇಳುವುದೇ ದೃಶ್ಯ ಸಂವಹನ. "ಒದ್ದೆ ಛತ್ರಿ ಇಲ್ಲಿಡಿ." ಮೂರೇ ಪದ. ಈ ಮೂರು ಪದಗಳಲ್ಲಿ ಕನ್ನಡ ಅಕ್ಷರ ವಿನ್ಯಾಸದ ಎಲ್ಲ ಕಿರಿಕಿರಿಯೂ ಇದೆ.

ಎರಡು ಸಾಲಿನಲ್ಲಿ ಬರೆದು ನೋಡಿ: ಮೇಲೆ "ಒದ್ದೆ ಛತ್ರಿ", ಕೆಳಗೆ "ಇಲ್ಲಿಡಿ". ಎಡಕ್ಕೆ ಸಾಲು ಹಿಡಿದರೆ ಮೇಲಿನ ಎರಡನೇ ಅಕ್ಷರ "ದ್ದೆ", ಕೆಳಗಿನ ಎರಡನೇ ಅಕ್ಷರ "ಲ್ಲಿ". ಮೇಲಿನದರ ಒತ್ತು ಕೆಳಗಿಳಿದು, ಕೆಳಗಿನದರ ಗುಡಿಸು ಮೇಲೇರಿ, ಎರಡೂ ಡಿಕ್ಕಿ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಕಾರಣ ಇದೇ. ಗ್ರಾಫ್ ಹಾಳೆಯಲ್ಲಿ ಅಕ್ಷರದ ಮೈಗೆ 4 ಚೌಕ, ಕೆಳಗೆ ಒತ್ತಿಗೆ 3, ಮೇಲೆ ಗುಡಿಸು-ಏತ್ವಕ್ಕೆ 1, ಖಾಲಿ ಉಸಿರಿಗೆ 1 ಇಟ್ಟುಕೊಳ್ಳಿ. ಸಾಲಿನಿಂದ ಸಾಲಿಗೆ 9 ಚೌಕ. ಮೈ 40 ಮಿ.ಮೀ. ಆದರೆ ಅಂತರ 90. ಹಾಳೆಯಲ್ಲಿ ಅಷ್ಟು ಜಾಗವಿಲ್ಲವೇ? ಪದ ಬದಲಿಸಿ. "ಒದ್ದೆ" ಬದಲು "ನೆನೆದ" ಎಂದರೆ ಒಂದು ಒತ್ತು ಕಡಿಮೆಯಾಯಿತು, ಆ ಡಿಕ್ಕಿಯೂ ತಪ್ಪಿತು. ಅಕ್ಷರವನ್ನು ಕುಗ್ಗಿಸುವುದಕ್ಕಿಂತ ಇದು ಎಷ್ಟೋ ವಾಸಿ, ಮತ್ತು ಕನ್ನಡ ಬಲ್ಲ ಡಿಸೈನರ್‌ಗೆ ಮಾತ್ರ ಇರುವ ಅನುಕೂಲ.

ಸಾಲು ಹಿಡಿಸಲಿಲ್ಲವೆಂದು ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ. ನಮ್ಮ ಲಿಪಿ ದುಂಡು. ಎಳೆದರೆ ಮೊಟ್ಟೆಯಾಗುತ್ತದೆ, ಲಂಬ ಗೆರೆ ದಪ್ಪವಾಗಿ ಅಡ್ಡ ಗೆರೆ ಮಾತ್ರ ತೆಳ್ಳಗೇ ಉಳಿಯುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಊರ ತುಂಬ ಇಂಥ ಎಳೆದ ಅಕ್ಷರಗಳನ್ನು ಕಾಣಬಹುದು, ಜಾಗದ ಲೆಕ್ಕ ತುಂಬಿರುತ್ತದೆ, ಓದಲು ಮಾತ್ರ ತ್ರಾಸ. ಗಾಂಧಿ ಬಜಾರ್, ಚಿಕ್ಕಪೇಟೆಗಳಲ್ಲಿ ಕೈಯಲ್ಲಿ ಬರೆದ ಹಳೇ ಬೋರ್ಡು ಇನ್ನೂ ಉಳಿದಿದ್ದರೆ ನಿಂತು ನೋಡಿ. ಇಕ್ಕಟ್ಟಾದಾಗ ಬರೆಯುವವರು ಒತ್ತನ್ನು ಹೇಗೆ ಪಕ್ಕಕ್ಕೆ ಸರಿಸುತ್ತಾರೆ, ತಲೆಕಟ್ಟನ್ನು ಹೇಗೆ ಮೊಟಕು ಮಾಡುತ್ತಾರೆ ಎಂಬುದನ್ನು ಟ್ರೇಸಿಂಗ್ ಪೇಪರಿನಲ್ಲಿ ಬಿಡಿಸಿಕೊಳ್ಳಿ. ಯಾವ ಕ್ಲಾಸಿನಲ್ಲೂ ಸಿಗದ ಪಾಠ ಅದು.

ಎಷ್ಟು ದೊಡ್ಡ ಅಕ್ಷರ ಬೇಕು? "ಛತ್ರಿ" ಎಂದು 20, 30, 40, 50 ಮಿ.ಮೀ. ಎತ್ತರದಲ್ಲಿ ಬರೆದು ಗೋಡೆಗೆ ಅಂಟಿಸಿ. ಇದೇನೆಂದು ಗೊತ್ತಿಲ್ಲದ ಸಹಪಾಠಿಯನ್ನು 6 ಮೀಟರ್ ದೂರದಿಂದ ಓದಿಸಿ. ತಡವರಿಸದೆ ಓದಿದ ಅತಿ ಚಿಕ್ಕ ಅಳತೆಯ ಒಂದೂವರೆ ಪಟ್ಟು ತೆಗೆದುಕೊಳ್ಳಿ, ಮಳೆಗಾಲದ ವರಾಂಡದಲ್ಲಿ ಬೆಳಕು ಕಮ್ಮಿ. ತುಂಬ ದಪ್ಪ ಅಕ್ಷರವೂ ಮೋಸವೇ. ದ–ಧ, ಡ–ಢ ನಡುವಿನ ವ್ಯತ್ಯಾಸ ಒಂದು ಪುಟ್ಟ ಸೀಳು, ರ–ಠ ನಡುವಿನದು ಒಂದು ಚುಕ್ಕೆ. ಗೆರೆ ಉಬ್ಬಿದರೆ ಆ ಕಿಂಡಿ ಮುಚ್ಚಿಹೋಗುತ್ತದೆ.

ಇನ್ನು ಚಿತ್ರಸಂಕೇತ. ಎಲ್ಲರೂ ಮೊದಲು ಬಿಡಿಸುವುದು ಬಿಚ್ಚಿದ ಛತ್ರಿ. ಆದರೆ ಬಿಚ್ಚಿದ ಛತ್ರಿ ಮತ್ತು ಮಳೆಹನಿ ಎಂದರೆ ಸಾಮಾನಿನ ರಟ್ಟಿನ ಪೆಟ್ಟಿಗೆಗಳ ಮೇಲೆ "ಒದ್ದೆ ಮಾಡಬೇಡಿ" ಎಂಬ ಅರ್ಥ! ನಮಗೆ ಬೇಕಾದದ್ದು ಮಡಚಿದ ಛತ್ರಿ, ಅದರ ತುದಿಯಿಂದ ತೊಟ್ಟಿಕ್ಕುವ ಎರಡು ಹನಿ, ಕೆಳಗೆ ತಟ್ಟೆಯ ಗೆರೆ. ಒಂದನೇ ತರಗತಿಯ ಐದು ಮಕ್ಕಳಿಗೆ ಅಕ್ಷರವಿಲ್ಲದೆ ಚಿತ್ರ ಮಾತ್ರ ತೋರಿಸಿ "ಇದೇನು ಹೇಳ್ತಿದೆ, ಪುಟ್ಟಾ?" ಎಂದು ಕೇಳಿ. "ಕೋಲು" ಎಂದರೆ ಹಿಡಿಯ ಕೊಕ್ಕೆ ದೊಡ್ಡದು ಮಾಡಿ, ಬಟ್ಟೆಯ ಮಡಿಕೆ ತೋರಿಸಿ. "ಐಸ್‌ಕ್ರೀಂ" ಎಂದರೆ ಹನಿಗಳ ಜಾಗ ಬದಲಿಸಿ. ಅವರು ಹೇಳಿದ್ದನ್ನು ಹಾಗೇ ಬರೆದಿಡಿ.

ಬಣ್ಣಕ್ಕೆ ಸುಲಭದ ಪರೀಕ್ಷೆ ಇದೆ: ಫಲಕದ ಫೋಟೊ ತೆಗೆದು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ. ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣ ಬದಲಿಸಿ.

ಕಂಪ್ಯೂಟರ್ ಕಡೆಗೆ

ಕೈಯಲ್ಲಿ ಮುಗಿದ ಮೇಲೆಯೇ ಕಂಪ್ಯೂಟರ್. ಇಂಕ್‌ಸ್ಕೇಪ್ ಮತ್ತು ಕ್ರಿಟಾ ಎರಡೂ ಉಚಿತ, ಹೈಸ್ಕೂಲಿಗೆ ಧಾರಾಳ ಸಾಕು. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ 2, ಅನೇಕ್ ಕನ್ನಡ, ತಿರೋ ಕನ್ನಡ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಫಲಕಕ್ಕೆ ಮೊದಲ ಮೂರು, ಉದ್ದ ಬರಹಕ್ಕೆ ತಿರೋ.

ಎರಡು ಕಡೆ ಎಡವುತ್ತೀರಿ. ಒಂದು, ಶಾಲೆಯ ಕಚೇರಿಯಿಂದ ಬಂದ ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲಿನ ಬರಹವನ್ನು ಈಗಿನ ಯುನಿಕೋಡ್ ಫಾಂಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ. ಪರಿವರ್ತಕ ಬಳಸಿ ಮೊದಲು ಯುನಿಕೋಡ್ ಮಾಡಿಕೊಳ್ಳಿ. ಎರಡು, ಕೆಲವು ಸಾಫ್ಟ್‌ವೇರ್‌ಗಳಲ್ಲಿ, ಮುಖ್ಯವಾಗಿ ಫೋಟೊಶಾಪ್‌ನ ಹಳೇ ಆವೃತ್ತಿಗಳಲ್ಲಿ, ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಊರಿನ ಎಷ್ಟೋ ಬೋರ್ಡುಗಳಲ್ಲಿ ಕಾಣುವ ಒಡೆದ ಒತ್ತಕ್ಷರಗಳ ಮೂಲ ಇದೇ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಿದರೂ ಕೊಂಬು, ದೀರ್ಘಗಳು ತಮ್ಮ ಅಕ್ಷರ ಬಿಟ್ಟು ದೂರ ಸರಿಯುವುದುಂಟು. ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಕೊಡುವ ಮುನ್ನ ಅಕ್ಷರಗಳನ್ನು ಆಕಾರಗಳಾಗಿ ಪರಿವರ್ತಿಸಿ, ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಸುತ್ತ 3 ಮಿ.ಮೀ. ಹೆಚ್ಚುವರಿ ಬಣ್ಣ ಸೇರಿಸಿ ಪಿಡಿಎಫ್ ಮಾಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಲೇಬೇಕೆಂದೇನಿಲ್ಲ. ಪರದೆಯ ಮೇಲೆ ಮಿಂಚುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ, ಅದಕ್ಕೆ ಮೊದಲೊಂದು ಪ್ರೂಫ್, ಅಂದರೆ ಮಾದರಿ ಪ್ರತಿ ಕೇಳಿ.

ಮುಂದಿನ ಓದು

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳನ್ನು ಬರೆಯಿರಿ. ಗೊತ್ತುಪಡಿಸಿದ ಸಮಯದಲ್ಲಿ ಹಾಳೆ ಮುಗಿಸುವ ಅಭ್ಯಾಸ ಅದರಿಂದ ಬರುತ್ತದೆ. ಸಿಬಿಎಸ್‌ಇ ಶಾಲೆ ಆರಿಸಿಕೊಳ್ಳುವವರು ಹನ್ನೊಂದು-ಹನ್ನೆರಡರಲ್ಲಿ ಎಂಜಿನಿಯರಿಂಗ್ ಗ್ರಾಫಿಕ್ಸ್ ಅಲ್ಲಿದೆಯೇ ಎಂದು ಕೇಳಿ, ಎಲ್ಲ ಶಾಲೆಯೂ ಕಲಿಸುವುದಿಲ್ಲ.

ಡಿಸೈನ್‌ಗೆ ಸೈನ್ಸೇ ಬೇಕು ಎಂಬುದು ತಪ್ಪು ತಿಳಿವಳಿಕೆ. ಡಿಸೈನ್ ಪದವಿಗೆ ಸೇರಲು ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆಯನ್ನು ಆರ್ಟ್ಸ್, ಕಾಮರ್ಸ್ ಓದಿದವರೂ ಬರೆಯಬಹುದು. ಅದರಲ್ಲಿ ಕಂಪ್ಯೂಟರಿನಲ್ಲಿ ಉತ್ತರಿಸುವ ಭಾಗದ ಜೊತೆ ಕಾಗದದ ಮೇಲೆ ಬಿಡಿಸುವ ಭಾಗವೂ ಇದೆ. ಆರ್ಕಿಟೆಕ್ಚರ್‌ಗೆ ಮಾತ್ರ ಗಣಿತ, ಭೌತಶಾಸ್ತ್ರ ಬೇಕೇ ಬೇಕು. ಬೆಂಗಳೂರಿನಲ್ಲೇ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ ಇದೆಯಲ್ಲ ಎನ್ನುವವರಿಗೆ: ಇಲ್ಲಿನ ಕ್ಯಾಂಪಸ್ಸಿನಲ್ಲಿರುವುದು ಸ್ನಾತಕೋತ್ತರ ಕೋರ್ಸು, ಪಿಯುಸಿ ಮುಗಿಸಿದವರ ಡಿಸೈನ್ ಪದವಿ ಬಿ.ಡಿಸ್. ಬೇರೆ ಊರಿನ ಕ್ಯಾಂಪಸ್ಸುಗಳಲ್ಲಿ. ಊರಲ್ಲೇ ಇರಬೇಕೆಂದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಎಚ್‌ಎಸ್‌ಆರ್ ಲೇಔಟಿನ ಫ್ಯಾಷನ್ ಸಂಸ್ಥೆ ನಿಫ್ಟ್, ಯಲಹಂಕದ ಸೃಷ್ಟಿ ಮಣಿಪಾಲ್ ಇವೆ. ಶುಲ್ಕದಲ್ಲಿ ಅಜಗಜಾಂತರ, ಮೊದಲೇ ವಿಚಾರಿಸಿ. ಜನವರಿಯಲ್ಲಿ ಪರಿಷತ್ತಿನ ಚಿತ್ರಸಂತೆಗೆ ಹೋದರೆ ಕಲಾವಿದರನ್ನೇ ನೇರವಾಗಿ ಮಾತಾಡಿಸಬಹುದು. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನಕ್ಕೆ ಕಾಲಿಡಲು ಜಾಗ ಇರುವುದಿಲ್ಲ.

ನಿಮ್ಮ ಕೆಲಸ ತೋರಿಸುವ ಸಂಗ್ರಹಕ್ಕೆ, ಅಂದರೆ ಪೋರ್ಟ್‌ಫೋಲಿಯೊಗೆ, ಇಂಥ ಎರಡು-ಮೂರು ಪ್ರಾಜೆಕ್ಟಿನ ಒಟ್ಟು 12–15 ಹಾಳೆ ಸಾಕು, ಅದರಲ್ಲಿ ಅರ್ಧದಷ್ಟು ರಫ್ ಇರಲಿ. ಪ್ರತಿ ಹಾಳೆಯ ಹಿಂದೆ ಬಿಡಿಸಿದ ದಿನವೇ ತಾರೀಖು ಬರೆಯಿರಿ, ಆಮೇಲೆ ನೆನಪಿರುವುದಿಲ್ಲ. ಸ್ಕ್ಯಾನ್ ಆದರೆ 300 ಡಿಪಿಐ. ಮೊಬೈಲಿನಲ್ಲಿ ತೆಗೆಯುವುದಾದರೆ ಬೆಳಿಗ್ಗೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶ್ ಬಿದ್ದರೆ ಪೆನ್ಸಿಲ್ ಗೆರೆ ಬೆಳ್ಳಿಯಂತೆ ಹೊಳೆದು ಮಾಯವಾಗುತ್ತದೆ. ರಫ್ ಹಾಳೆಗಳನ್ನೂ ಬಿದ್ದುಹೋದ ರಟ್ಟಿನ ಮಾದರಿಯನ್ನೂ ಒಂದೇ ಚೀಲದಲ್ಲಿ ಹಾಕಿ ಬೀರುವಿನ ಮೇಲಿಡಿ. ಹಬ್ಬಕ್ಕೆ ಮನೆ ಶುಚಿ ಮಾಡುವಾಗ ಹಳೇ ಪೇಪರ್‌ನವರ ತಕ್ಕಡಿಗೆ ಮೊದಲು ಹೋಗುವುದು ಇಂಥ ಚೀಲವೇ, ಆದ್ದರಿಂದ ಅದರ ಮೇಲೆ "ಬಿಸಾಡಬೇಡಿ" ಎಂದು ಬರೆಯಿರಿ, 6 ಮೀಟರ್ ದೂರಕ್ಕೆ ಕಾಣುವ ಅಳತೆಯಲ್ಲಿ.